ಕೆಲಸವಿಲ್ಲದ ನಡಿಗೆ

ಅಕ್ಕಲಕೋಟದ ಎಸ್.ಟಿ. ಬಸ್ ಸ್ಟ್ಯಾಂಡಿನಲ್ಲಿ ಸೊಲ್ಲಾಪುರದ ಗಾಡಿಗೆ ಕಾಯುತ್ತಿದ್ದ ಸಾವಿತ್ರಿಬಾಯಿಗೆ ಪಕ್ಕದವರ ಜಗಳ ಕೇಳದಿರಲು ಆಗಲಿಲ್ಲ. ಚಪಳಗಾಂವದ ಗಾಡಿಗೆ ಕಾದು ಕೂತಿದ್ದ ಗುರುಬಾಯಿ ಅಳಿಯ ಅಮೋಗಸಿದ್ಧನ ಮೇಲೆ ಹರಿಹಾಯ್ದಿದ್ದಳು. ನಡುವೆ ಅವಳ ಮಗಳು ಜನಾಬಾಯಿ ಎಳೆಗೂಸನ್ನು ಮಡಿಲಲ್ಲಿಟ್ಟುಕೊಂಡು ನೆಲ ನೋಡುತ್ತಿದ್ದಳು.

“ಹಡದಾಗಿಂದ ಬರೇ ಅಳತಿದ್ಲು. ದಿನಾ ಸಂಜಿಮುಂದ ನಡದಾಡಲಿ, ಮೈ ಮನಸು ಎರಡೂ ಹಗುರ ಆಗತಾವ ಅಂತ ಡಾಕ್ಟರಬಾಯಿ ಹೇಳಿದ್ರು. ನಡದ್ಲು, ನಗಾಕತ್ತಿದ್ಲು. ಯಾಕ ಬಿಡಿಸಿದ್ರಿ?”

“ಕೆಲಸಿಲ್ಲದ ಸೊಸಿ ಎಲ್ಲಿ ತಿರಗತಾಳಂತ ಮಂದಿ ಕೇಳಾಕತ್ತಿದ್ರು, ಅತ್ತಿ. ನಡೀಬೇಕಂದ್ರ ಬಾವಿ ನೀರು ತರಲಿ ಅಂದ್ಲು ನಮ್ಮವ್ವ.”

“ತಂದ್ಲು. ತಲಿಮ್ಯಾಲ ಕೊಡ ಹೊತ್ರ ಮನಸು ಹಗುರ ಆಗತದೇನು? ಮತ್ತ ಅಳಾಕತ್ಯಾಳ. ನೀ ಸಂಜಿಮುಂದ ಬೀರೋಬನ ಗುಡಿತನಕ ತಿರಗತಿ, ಅದ್ಯಾವ ಕೆಲಸೋ?”

“ನಾ ಗಂಡಸಲ್ಲೇನ್ರಿ?”

“ಹೌದಪಾ ಗಂಡಸಾ, ಹಿಡಿ ನಿನ್ನ ಕೂಸು.” ಗುರುಬಾಯಿ ಕೂಸನ್ನು ಅವನ ಕೈಗಿಟ್ಟಳು. “ಏಳವ್ವ ಜನಾ, ಕೆರಿತನಕ ಹೋಗಿ ಬರೂಣು.”

“ಗಾಡಿ ತಪ್ಪತದ್ರಿ! ಯಾವ ಕೆಲಸಕ್ಕ ಹೋದ್ರಂತ ಯಾರರ ಕೇಳಿದ್ರ?”

“ಏನೂ ಕೆಲಸಿಲ್ಲ ಅಂತ ಹೇಳ್ರಿ,” ಅಂದಳು ಜನಾಬಾಯಿ.

ಅವಳ ದನಿ ಸಾವಿತ್ರಿಬಾಯಿಗೆ ಮೊದಲ ಸಲ ಕೇಳಿಸಿದ್ದು ಆಗಲೇ. ತಾಯಿ ಮಗಳು ಕೆರೆಯ ದಾರಿ ಹಿಡಿದಿದ್ದರು.