ಮೂರು ಗೆಣ್ಣು ಮಸಿಯ ಮನೆ

ಕೇಳ್ರವ್ವ, ಕೇಳ್ರಪ್ಪ. ಒಲೆ ಹತ್ರ ಕೂತೋರು ಮೊದಲು ಸೆರಗು ಸುತ್ಕೊಳ್ಳಿ. ಆಮೇಲೆ ಕಿವಿ ಕೊಡಿ.

ಅಷ್ಟು ದೂರದ್ದೂ ಅಲ್ಲ, ಇಷ್ಟು ಹತ್ತಿರದ್ದೂ ಅಲ್ಲ, ಒಂದು ಸೀಮೆ. ಬೆಟ್ಟದ ನೆತ್ತಿ ಮೇಲೆ ಒಂದು ಊರು. ಅಲ್ಲಿ ಚಳಿ ಅಂದ್ರೆ ಎಂಥಾ ಚಳಿ? ಕಾಸಿದ ಹಾಲು ಲೋಟಕ್ಕೆ ಬೀಳೋದ್ರೊಳಗೆ ತಣ್ಣಗಾಗೋದು. ಅದಕ್ಕೇ ಮನೆಮನೆಗೂ ದೊಡ್ಡ ಒಲೆ, ಒಲೆ ಮೇಲೆ ಸೂರು ದಾಟಿ ನಿಂತ ಹೊಗೆಗೂಡು.

ಆ ಊರೋರಿಗೆ ಒಂದು ಜಂಬ ಇತ್ತು. ಏನು ಜಂಬ? ಹೊಲದ್ದಲ್ಲ, ಹಸುವಿಂದಲ್ಲ, ಬಂಗಾರದ್ದಲ್ಲ. ಮಸಿದು. ನಗಬೇಡಿ, ಕೇಳಿ. ಹೆಣ್ಣು ಕೊಡೋಕೆ ಮುಂಚೆ ಹಿರೀಕರು ಬಂದು, ಹೊಗೆಗೂಡಿನೊಳಗೆ ಕೈ ಹಾಕಿ, ಮಸಿಗೆ ಬೆರಳು ಚುಚ್ಚಿ ನೋಡೋರು. ಒಂದು ಗೆಣ್ಣು ಮುಳುಗಿದ್ರೆ, ಗಂಜಿ ಕುಡ್ಕೊಂಡು ಬದುಕೋ ಜನ. ಎರಡು ಗೆಣ್ಣು ಮುಳುಗಿದ್ರೆ, ನೆಂಟರಿಗೆ ಅನ್ನ ಹಾಕೋ ಮನೆ. ಮೂರು ಗೆಣ್ಣೂ ಮುಳುಗಿದ್ರೆ? ಅದು ಊರಿಗೇ ಅನ್ನ ಹಾಕಿದ ಮನೆ. ಅಂಥದ್ದು ಒಂದೇ ಒಂದಿತ್ತು, ದೊಡ್ಡತಾಯವ್ವನ ಮನೆ. ಆವಮ್ಮ ಬೀದೀಲಿ ಬಂದ್ರೆ ಕಟ್ಟೆ ಮೇಲೆ ಕೂತ ಗಂಡಸ್ರು ಎದ್ದು ನಿಲ್ಲೋರು.

ಆ ಮನೆಗೆ ಸೊಸೆಯಾಗಿ ಬಂದ್ಲು ಪುಟ್ಟೀರಿ. ಬೆಟ್ಟದ ಕೆಳಗಿನ ಸೀಮೆಯೋಳು. ಅವಳಪ್ಪಂದು ಆಲೆಮನೆ. ಕಬ್ಬಿನ ಹಾಲು ಬೆಲ್ಲ ಆಗೋ ತನಕ ಒಲೆ ಮುಂದೆ ಕೂತು ಬೆಳೆದ ಹುಡುಗಿ. ಬೆಂಕಿಯ ಸದ್ದು ಕೇಳೇ ಅದಕ್ಕೆ ಗಾಳಿ ಸಾಕೋ ಸಾಲದೋ ಹೇಳೋಳು. ವರ್ಷ ತುಂಬೋದ್ರೊಳಗೆ ಅವಳಿಗೊಂದು ಹೆಣ್ಣು ಕೂಸು ಹುಟ್ತು.

ಒಂದಿನ ಏನಾಯ್ತು? ಹೊಗೆ ಮೇಲೆ ಹೋಗದೆ ಅಡುಗೆಮನೆಗೇ ತಿರುಗಿ ಬಂತು. ತೊಟ್ಟಿಲಲ್ಲಿ ಕೂಸು ಕೆಮ್ಮಿತು.

"ಅತ್ತೆ, ಹೊಗೆಗೂಡು ಕಟ್ಕೊಂಡಿದೆ. ಗುಡಿಸಿಬಿಡ್ಲಾ?"

"ನಮ್ಮತ್ತೆ ಅಡುಗೆ ಮಾಡಿದ ಮಸಿ ಕಣಮ್ಮಿ ಅದು. ಮುಟ್ಟಬೇಡ," ಅಂದ್ಲು ದೊಡ್ಡತಾಯವ್ವ.

ಇನ್ನೊಂದಿನ ಏನಾಯ್ತು? ಕೆಂಪಗೆ ಕಾದ ಮಸಿ ಚಕ್ಕೆ ಉದುರಿ ಸಾರಿನ ಮಡಕೆಗೆ ಬಿತ್ತು.

"ಅತ್ತೆ, ಮಸಿಗೇ ಕಿಡಿ ಹತ್ತುತಾ ಇದೆ. ಗುಡಿಸಿಬಿಡ್ಲಾ?"

"ನಮ್ಮತ್ತೆಯ ಅತ್ತೆ ಅಡುಗೆ ಮಾಡಿದ ಮಸಿ ಕಣಮ್ಮಿ ಅದು. ಮುಟ್ಟಬೇಡ."

ಮೂರನೇ ಸಲ ಆದದ್ದು ಕೂಸಿಗೆ ಹೆಸರಿಡೋ ದಿನ. ಊರಿಗೆ ಊರೇ ಊಟಕ್ಕೆ ಬಂದಿತ್ತು. ಹಸಿ ಸೌದೆ, ಒಣ ಸೌದೆ ನೋಡದೆ ಒಲೆಗೆ ತುರುಕಿದ್ರು. ನಡುಮಧ್ಯಾಹ್ನ ಹೊಗೆಗೂಡು ಗೂಳಿ ಹಂಗೆ ಗುಟುರು ಹಾಕ್ತು. ಹೊರಗಿದ್ದೋರು ತಲೆ ಎತ್ತಿ ನೋಡ್ತಾರೆ, ಗೂಡಿನ ಬಾಯಲ್ಲಿ ಆಳುದ್ದ ಬೆಂಕಿ.

ಈ ಸಲ ಪುಟ್ಟೀರಿ ಕೇಳಲಿಲ್ಲ. ಕೂಸನ್ನ ಎತ್ತಿ ಅತ್ತೆ ಕೈಗಿಟ್ಲು. "ಎತ್ಕೊಂಡು ಬೀದಿಗೆ ನಡೀರಿ ಅತ್ತೆ." ಗಂಡಸ್ರು ಕೊಡ ಹಿಡ್ಕೊಂಡು ಸೂರು ಹತ್ತೋಕೆ ಓಡಿದ್ರು. "ಅಣ್ಣಂದಿರಾ, ಮೇಲಿಂದ ನೀರು ಸುರೀಬೇಡಿ. ಕಾದ ಗೂಡು ಸೀಳಿಹೋಗುತ್ತೆ, ಬೆಂಕಿ ಸೂರಿಗೆ ಹತ್ತುತ್ತೆ. ಗೋಣಿಚೀಲ ನೆನೆಸಿ ತನ್ನಿ." ಉರಿಯೋ ಸೌದೆ ಎಳೆದು ನೀರಿಗದ್ದಿದಳು. ಒಲೆ ಬಾಯಿಗೆ ಒದ್ದೆ ಗೋಣಿ ಒತ್ತಿ, ಸಂದುಸಂದಿಗೂ ಹಸಿಮಣ್ಣು ಮೆತ್ತಿದಳು. ಕೆಳಗಿನ ಗಾಳಿ ನಿಂತ ಮೇಲೆ ಬೆಂಕಿ ಏನು ತಿನ್ನುತ್ತೆ? ಗುಟುರು ಗೊಣಗಾಯ್ತು, ಗೊಣಗು ನಿಂತೇಹೋಯ್ತು. ಮನೆ ಉಳೀತು.

ಮಾರನೇ ದಿನ ದೊಡ್ಡತಾಯವ್ವ ಆರಿದ ಒಲೆ ಮುಂದೆ ಕೂತಿದ್ಲು. ಮಡಿಲಲ್ಲಿ ಕೂಸು. ಸೋತ ದನೀಲಿ ಕೇಳಿದ್ಲು:

"ಮಸಿ ಇದ್ರೆ ಈ ಕೂಸು ಉಳಿಯಲ್ಲ, ಗೊತ್ತಾಯ್ತು ಕಣಮ್ಮಿ. ಗುಡಿಸಿದ್ರೆ ನಮ್ಮೋರು ಇಷ್ಟು ಜನಕ್ಕೆ ಅನ್ನ ಹಾಕಿದ್ರು ಅನ್ನೋಕೆ ಗುರುತೇನು?"

"ಮೊದಲು ಹಗ್ಗ ಹಿಡೀರಿ ಅತ್ತೆ, ಆಮೇಲೆ ಹೇಳ್ತೀನಿ."

ಪುಟ್ಟೀರಿ ಸೂರು ಹತ್ತಿದ್ಲು. ಮುಳ್ಳುಕಂಟಿಗೆ ಕಲ್ಲು ಕಟ್ಟಿ, ಎರಡೂ ಕಡೆ ಹಗ್ಗ ಕಟ್ಟಿ ಗೂಡಿನೊಳಗೆ ಇಳಿಬಿಟ್ಲು. ಮೇಲೆ ಸೊಸೆ, ಕೆಳಗೆ ಅತ್ತೆ. ಅವಳು ಎಳೀತಾಳೆ, ಇವಳು ಎಳೀತಾಳೆ. ಬೆಂಕಿ ತಿಂದು ಉಳಿದದ್ದೇ ಏಳು ಮಂಕರಿ ಮಸಿ ಬಿತ್ತು. ಏಳನ್ನೂ ಪುಟ್ಟೀರಿ ಬೀದಿ ಜಗುಲಿ ಮೇಲೆ ಸಾಲಾಗಿ ಇಡಿಸಿದ್ಲು. ಊರು ಕಣ್ಣುಬಿಟ್ಟು ನೋಡ್ತು.

"ಈಗ ಕೈ ಅದ್ದಿ ಅತ್ತೆ, ಬಾಗಿಲ ಪಕ್ಕದ ಸುಣ್ಣದ ಗೋಡೆಗೆ ಒತ್ತಿ. ಗೂಡಿನೊಳಗಿನ ಮಸಿ ಕೈ ಹಾಕಿದೋರಿಗಷ್ಟೇ ಗೊತ್ತಿತ್ತು. ಇದು ಬೀದಿಗೇ ಕಾಣುತ್ತೆ."

ದೊಡ್ಡತಾಯವ್ವ ಗೋಡೆ ನೋಡಿದ್ಲು, ಊರು ನೋಡಿದ್ಲು, ಬೆನ್ನು ನೆಟ್ಟಗೆ ಮಾಡಿ ಅಂಗೈ ಒತ್ತಿದ್ಲು. ಕಟ್ಟೆ ಮೇಲಿನ ಗಂಡಸ್ರು ಎದ್ದು ನಿಂತ್ರು. ಆ ವಾರ ಊರಲ್ಲಿ ಒಂದು ಮುಳ್ಳುಕಂಟೀನೂ ಉಳೀಲಿಲ್ಲ ಅಂತೀನಿ.

ಈಗ ಹೆಣ್ಣು ಕೊಡೋರು ಗೂಡಿಗೆ ಕೈ ಹಾಕಲ್ಲ. ವರ್ಷಕ್ಕೊಂದು ಸಲ ಗುಡಿಸಿ ಒತ್ತಿದ ಕೈ ಗೋಡೇಲಿ ಎಷ್ಟಿವೆ ಅಂತ ನೋಡ್ತಾರೆ. ದೊಡ್ಡತಾಯವ್ವನ ಗೋಡೇಲಿ ಮೊದಲ ಸಾಲಿಗೆ ಮೂರು ಕೈ. ಒಂದು ಅತ್ತೇದು, ಒಂದು ಸೊಸೇದು. ನಡುವಿನದು ವೀಳ್ಯದೆಲೆಗಿಂತ ಸಣ್ಣದು, ಅಜ್ಜಿ ತಾನೇ ಹಿಡಿದು ಒತ್ತಿಸಿದ್ದು.

ಆ ಕೆಮ್ಮಿದ ಕೂಸು ಎಲ್ಲಿ ಅಂತೀರಾ? ಇಲ್ಲೇ, ನಿಮ್ಮ ಮುಂದೆ ಕೂತು ಇಷ್ಟೊತ್ತೂ ಕತೆ ಹೇಳಿದೆ. ನೋಡಿ, ಇದೇ ಕೈ.

ನನ್ನ ಕತೆ ಸೂರು ದಾಟಿತು, ಹೊಗೆ ಅದರ ಹಿಂದೆ ಹೋಯ್ತು. ನೀವು ಮನೆಗೆ ಹೋಗಿ, ನಿಮ್ಮ ಗೂಡಿನೊಳಗೆ ಒಂದು ಸಲ ಬೆರಳು ಚುಚ್ಚಿ ನೋಡಿ.