ಎರಡು ಟವೆಲ್, ಒಂದು ಸೀಟು

ರಾಯಬಾಗ ಬಸ್‌ಸ್ಟ್ಯಾಂಡಿನಲ್ಲಿ ಚಿಂಚಲಿ ಬಸ್ಸಿಗೆ ಕಾಯುತ್ತಿದ್ದೆ. ಪಕ್ಕದಲ್ಲಿ ಅಪ್ಪ, ಮಗಳು ಕೂತಿದ್ದರು. ಮಗಳ ತೊಡೆಯ ಮೇಲೆ ಲ್ಯಾಬಿನ ನೋಟ್‌ಬುಕ್, ಅಪ್ಪನ ಹೆಗಲ ಮೇಲೆ ಎರಡು ಟವೆಲ್.

“ಮೂರು ಸಲ ಮಾಡೀನಪ್ಪಾ. ಕಾರ್ಬನ್ ಮೊನಾಕ್ಸೈಡ್ ಒತ್ತಡ ಏರಿಸಿದಂಗ ರಿಯಾಕ್ಷನ್ ನಿಧಾನ ಆಗಾಕತ್ತೈತಿ.”

“ಆ ಗ್ಯಾಸ್ ಬೇಕಾದ ಮಾಲ ಅಲ್ಲೇನ? ಹೆಚ್ಚ ಹಾಕಿದ್ರ ಜೋರ ಆಗಬೇಕಲ್ಲ.”

“ನಾನೂ ಹಂಗ ತಿಳ್ಕೊಂಡಿದ್ದೆ. ಆದ್ರ ಕೆಲಸ ಮಾಡ್ಸೂದು ಕೋಬಾಲ್ಟ್. ಅದರ ಮ್ಯಾಲ ಒಂದ ಸೀಟ ಖಾಲಿ ಆದ್ರನ ಇನ್ನೊಂದ ಮಾಲ, ಆಲ್ಕೀನ್, ಬಂದು ಕೂಡ್ತೈತಿ. ಗ್ಯಾಸ್ ಹೆಚ್ಚಾದ್ರ ಎಲ್ಲಾ ಸೀಟಿಗೂ ತಾನ ಟವೆಲ್ ಹಾಕಿಬಿಡ್ತೈತಿ.”

“ಹಂಗಾರ ಆ ಗ್ಯಾಸ್ ತಗದ ಬಿಡು.”

“ತಗದ್ರ ಕೋಬಾಲ್ಟ್ ಉಳಿಯಂಗಿಲ್ಲ. ಕರೀ ಪುಡಿ ಆಗಿ ಪಾತ್ರಿಗೆ ಮೆತ್ಕೋತೈತಿ.”

“ಅಂದ್ರ ಅದೂ ಬೇಕು, ಜಾಗಾನೂ ಬಿಡಬೇಕು?”

“ಹೂಂ. ಜೋರ ಬೇಕಂದ್ರ ಆ ಗ್ಯಾಸಿನ ಜೋಡಿ ಹಾಕೂ ಹೈಡ್ರೋಜನ್ ಏರಿಸಬೇಕು. ಇದು ತಿಳೀಲಾರದ, ಅಳತಿ ತಪ್ಪೇನಿ ಅಂತ ಅಂಕಿ ಬರದಿದ್ದ ಹಾಳಿ ಹರದ ಒಗ್ಯಾಕ ಹೋಗಿದ್ದೆ.”

“ಹರದಿಯೇನ ಮತ್ತ?”

“ಇಲ್ಲ. ಇಲ್ಲೇ ಐತಿ ನೋಡು.”

ಅಪ್ಪ ಬಗ್ಗಿ ಅಂಕಿಗಳ ಮೇಲೆ ಬೆರಳಾಡಿಸಿದ.

ಬಸ್ ಬಂತು. ನಿಲ್ಲುವ ಮೊದಲೇ ಕಿಟಕಿಯೊಳಗೆ ಟವೆಲ್ಲು, ಚೀಲ ಬೀಳತೊಡಗಿದವು. ಅಪ್ಪ ಎರಡೂ ಟವೆಲ್ ಹಿಡಿದು ಓಡಿದ. ಕಿಟಕಿಯ ಹತ್ತಿರ ನಿಂತು ತಿರುಗಿ ನೋಡಿದ.

“ಶೀತಲಾ, ಹಾಕ್ಲೋ ಬ್ಯಾಡೋ?”

“ಒಂದ ಹಾಕಪ್ಪಾ, ನಿನಗ. ನಾ ನಿಂತ ಬರ್ತೀನಿ.”

ಒಂದು ಟವೆಲ್ ಒಳಗೆ ಬಿತ್ತು. ಇನ್ನೊಂದು ಹೆಗಲಿಗೆ ಮರಳಿತು.

ಅಪ್ಪನ ಪಕ್ಕದ ಸೀಟು ನನಗೆ ಸಿಕ್ಕಿತು.