ಬುಟ್ಟಿಯ ತೂಕ

ಸಂಡೂರಿನ ಬಸ್ಸಿಗೆ ಕಾದಿದ್ದ ವಿಜ್ಞಾನದ ಮೇಡಂ ಸುಧಾರಾಣಿಗೆ ಬೆನ್ನ ಹಿಂದೆ ತನ್ನದೇ ಪಾಠ ಕೇಳಿಸಿತು. ಅದಿರು ಲಾರಿ ಓಡಿಸುವ ಕೆಂಚಣ್ಣ, ಗಣಿಯಲ್ಲಿ ಬುಟ್ಟಿ ಹೊರುವ ಹೆಂಡತಿ ಎರ್ರೆಮ್ಮನಿಗೆ ಹೇಳುತ್ತಿದ್ದ.

"ಭೂಮಿ ಹೊಟ್ಟ್ಯಾಗ ಕಬ್ಬಿಣ ಐತಂತ. ಮಗಳ ಸಾಲಿ ಮೇಡಂ ಇಳಿದು ನೋಡ್ಯಾಳೇನು?"

"ಬರೇ ಕಲ್ಲಿದ್ರ ಭೂಮಿ ಇಷ್ಟು ತೂಕ ಇರ್ತಿರಲಿಲ್ಲಂತ. ಒಳಗ ಭಾರದ್ದು ಇರಬೇಕಂತ ಮಗಳು ಹೇಳಿದ್ಲು."

"ಹುಚ್ಚು ಮಾತು. ಸಾಲಿ ಬಿಡಿಸ್ತೀನಿ."

"ಬುಟ್ಟಿ ತಲಿಮ್ಯಾಲ ಇಟ್ರ ಸಾಕು, ಮಣ್ಣೋ ಅದಿರೋ ನೋಡದ ಹೇಳ್ತೀನಿ ನಾನು."

"ಅದು ಬ್ಯಾರೆ."

"ಸ್ಟೇರಿಂಗ್ ಹಿಡಿದು ಕುಂತಾವ್ಗ ತೂಕ ಏನ್ ಗೊತ್ತು? ಸಾಲಿ ಬಿಟ್ರ ಆಕೀನೂ ಬುಟ್ಟಿನ ಹೊರಬೇಕು."



ಬಸ್ಸು ಬಂತು. ಎರ್ರೆಮ್ಮ ಹಿಂತಿರುಗಿ ನೋಡದೆ ಹತ್ತಿದಳು. ಕೆಂಚಣ್ಣ ಅವಳ ಹಿಂದೆ ಹೋದ. ಅದೇ ಬಸ್ಸಿಗೆ ಹೋಗಬೇಕಿದ್ದ ಸುಧಾರಾಣಿ, ತನ್ನ ಪಾಠದಲ್ಲಿಲ್ಲದ ಆ ಬುಟ್ಟಿಯ ಮಾತನ್ನೇ ಯೋಚಿಸುತ್ತ ಅಲ್ಲೇ ನಿಂತಳು.